ಮೈಸ್ತೇನಿಯಾ ಇದ್ದವರ ಸೆಲ್ ರಿಪೋರ್ಟ್ ಓದುವುದು ಹೇಗೆ?

ಮೊದಲೇ ಹೇಳಿಬಿಡುತ್ತೇನೆ, ಈ ರಿಪೋರ್ಟ್ ನೋಡಿ ಮೈಸ್ತೇನಿಯಾ ಗ್ರೇವಿಸ್ (ಸ್ನಾಯುಗಳು ಬೇಗ ಸೋಲುವ ಕಾಯಿಲೆ) ಇದೆಯೋ ಇಲ್ಲವೋ ಅಂತ ಹೇಳಲು ಆಗುವುದಿಲ್ಲ. ಅದಕ್ಕೆ ಆಂಟಿಬಾಡಿ ಟೆಸ್ಟ್, ನರದ ಟೆಸ್ಟ್ ಬೇರೆ ಇವೆ. ಕೊಟ್ಟ ಮದ್ದು ರಕ್ತದಲ್ಲಿ ಏನು ಮಾಡಿದೆ ಅಂತ ನೋಡಲು ಈ ಸೆಲ್ ಲೆಕ್ಕ, ಅಂದರೆ ಲಿಂಫೊಸೈಟ್ ಎಂಬ ಬಿಳಿ ರಕ್ತಕಣಗಳ ಎಣಿಕೆ. ನಮ್ಮ ಅಮ್ಮನ ಫೈಲ್ ಹಿಡಿದು ಉಡುಪಿ, ಮಣಿಪಾಲ ಅಂತ ಬಸ್ಸಲ್ಲಿ ಓಡಾಡಿ ಕಲಿತದ್ದು ಇಷ್ಟು.

ರಕ್ತ ಕೊಡುವಾಗಲೇ ಅರ್ಧ ಕೆಲಸ ಇದೆ. ನೇರಳೆ ಮುಚ್ಚಳದ ಟ್ಯೂಬ್, ಫ್ರಿಜ್‌ನಲ್ಲಿ ಇಡಬಾರದು. ಸ್ಯಾಂಪಲ್ ಬೆಂಗಳೂರಿಗೆ ಹೋಗುವುದಾದರೆ ಶನಿವಾರ ಸಂಜೆ ಕೊಡಬೇಡಿ ಮಾರಾಯ್ರೇ, ನಾವು ಕೊಟ್ಟು ಹಳತಾಯಿತು ಅಂತ ಮತ್ತೆ ಚುಚ್ಚಿಸಿಕೊಂಡಾಯಿತು. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದರಂತೂ ಮುಗಿಯಿತು. ಇನ್ನೊಂದು, ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ನುಂಗಿದ ಕೆಲವು ಗಂಟೆಗಳಲ್ಲಿ ಲಿಂಫೊಸೈಟ್ ಇಳಿಯುತ್ತದೆ, ಮರುದಿನಕ್ಕೆ ಏರುತ್ತದೆ. ಹಾಗಾಗಿ ಪ್ರತಿಸಲ ಒಂದೇ ಹೊತ್ತಿಗೆ, ಸಾಧ್ಯವಾದರೆ ಬೆಳಗಿನ ಮಾತ್ರೆಗೆ ಮೊದಲು ಕೊಡಿ. ಮಾತ್ರೆಯನ್ನೇ ಬಿಡುವುದಲ್ಲ, ರಕ್ತ ಕೊಟ್ಟ ಮೇಲೆ ತಗೊಳ್ಳುವುದು.

ಈಗ ರಿಪೋರ್ಟ್. ಟಿ ಸೆಲ್, ಬಿ ಸೆಲ್ ಎರಡೂ ಲಿಂಫೊಸೈಟ್‌ನ ಬಗೆಗಳು. ಸಿಡಿ3 ಅಂದರೆ ಎಲ್ಲ ಟಿ ಸೆಲ್, ಸಿಡಿ4 ಮತ್ತು ಸಿಡಿ8 ಅದರ ಒಳಗಿನ ಎರಡು ಗುಂಪು, ಸಿಡಿ19 ಅಂದರೆ ಬಿ ಸೆಲ್. ಆಂಟಿಬಾಡಿ ಬರುವುದು ಬಿ ಸೆಲ್ಲಿನ ಸಂತತಿಯಿಂದ. ನರದ ಸಂದೇಶವನ್ನು ಸ್ನಾಯುವಿನ ಮೇಲೆ ಹಿಡಿದುಕೊಳ್ಳುವ ರಿಸೆಪ್ಟರಿಗೆ ಮೈಸ್ತೇನಿಯಾದ ಆಂಟಿಬಾಡಿ ಅಡ್ಡ ಬರುತ್ತದೆ.

ಶೇಕಡಾ ನೋಡಬೇಡಿ, ಸಂಖ್ಯೆ ನೋಡಿ. ಇದಕ್ಕೇ ಎಲ್ಲರೂ ಎಡವುವುದು. ಒಂದು ಮೈಕ್ರೋಲೀಟರ್ ರಕ್ತದ 1600 ಲಿಂಫೊಸೈಟ್‌ನಲ್ಲಿ ಟಿ ಸೆಲ್ 1120, ಅಂದರೆ 70%. ಬಿ ಸೆಲ್ 160 ಅಂತಿಟ್ಟುಕೊಳ್ಳಿ. ಬಿ ಸೆಲ್ ಖಾಲಿ ಮಾಡುವ ರಿಟುಕ್ಸಿಮ್ಯಾಬ್ ಎಂಬ ಮದ್ದು ಕೊಟ್ಟು ಆ 160 ಖಾಲಿಯಾದರೆ ಉಳಿದದ್ದು 1440, ಟಿ ಸೆಲ್ ಅದೇ 1120, ಆದರೆ ಕಾಗದದಲ್ಲಿ ಸುಮಾರು 78%. ಟಿ ಸೆಲ್ ಜಾಸ್ತಿಯಾಯಿತು ಅಂತ ನಾವು ಗಾಬರಿ. ಒಂದೂ ಜಾಸ್ತಿ ಆಗಿಲ್ಲ! ರಿಪೋರ್ಟಿನಲ್ಲಿ ಸಂಖ್ಯೆ ಇಲ್ಲದಿದ್ದರೆ ಅದೇ ದಿನ ಸಿಬಿಸಿ (ಎಲ್ಲ ರಕ್ತಕಣಗಳ ಎಣಿಕೆ) ಮಾಡಿಸಿ, ಅದರ ಲಿಂಫೊಸೈಟ್ ಸಂಖ್ಯೆಯಿಂದ ಲೆಕ್ಕ ಹಾಕಿ.

ರಿಟುಕ್ಸಿಮ್ಯಾಬ್ ಹಿಡಿಯುವುದು ಬಿ ಸೆಲ್ ಮೇಲಿನ ಸಿಡಿ20 ಎಂಬ ಗುರುತನ್ನು. ಮದ್ದು ಅದರ ಮೇಲೇ ಕೂತು ಮುಚ್ಚಿರುವುದರಿಂದ ಲ್ಯಾಬಿನವರು ಸಿಡಿ19 ಎಣಿಸುತ್ತಾರೆ. ಸೊನ್ನೆ ಹತ್ತಿರ ಬಂದಿದ್ದರೆ ಮದ್ದು ಬಿ ಸೆಲ್ಲಿಗೆ ತಾಗಿದೆ, ಸಾಮಾನ್ಯವಾಗಿ ಆರೇಳು ತಿಂಗಳು ಕಳೆದ ಮೇಲೆ ತಿರುಗಿ ಕಾಣಿಸಿಕೊಳ್ಳುತ್ತವೆ. ಆದರೆ ಸೊನ್ನೆ ಇದ್ದೂ ರೆಪ್ಪೆ ಇಳಿಯಬಹುದು, ಅಂದರೆ ಮೈಸ್ತೇನಿಯಾದ ಲಕ್ಷಣ ಉಳಿಯಬಹುದು. ಯಾಕೆಂದರೆ ಬಿ ಸೆಲ್ ಬಲಿತು ಆದ ಹಳೆಯ ಪ್ಲಾಸ್ಮಾ ಸೆಲ್‌ಗಳ ಮೇಲೆ ಸಿಡಿ20 ಇಲ್ಲ, ಅವು ಆಂಟಿಬಾಡಿ ಮಾಡುತ್ತಲೇ ಇರುತ್ತವೆ. ಮಸ್ಕ್ (MuSK) ಎಂಬ ಬೇರೆ ಬಗೆಯ ಆಂಟಿಬಾಡಿ ಇರುವವರಿಗೆ ಈ ಮದ್ದು ಹೆಚ್ಚು ಚೆನ್ನಾಗಿ ಹಿಡಿಯುತ್ತದೆ.

ಸಿಡಿ4 200ಕ್ಕಿಂತ ಕೆಳಗೆ ಬಂದರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ, ಸೋಂಕಿನ ಭಯ ಇದೆ, ಡಾಕ್ಟರಿಗೆ ಫೋನ್ ಮಾಡಿ. ಜ್ವರ ಬಂತೆಂದು ಹತ್ತಿರದ ಕ್ಲಿನಿಕ್ಕಿಗೆ ಹೋದರೂ ಮೈಸ್ತೇನಿಯಾ ಇದೆ ಅಂತ ಬಾಯಿಬಿಟ್ಟು ಹೇಳಿ. ಅಜಿತ್ರೊಮೈಸಿನ್, ಸಿಪ್ರೊಫ್ಲಾಕ್ಸಸಿನ್‌ನಂಥ ಆಂಟಿಬಯೋಟಿಕ್‌ಗಳು ಸ್ನಾಯುಗಳ ಸುಸ್ತು ಹೆಚ್ಚಿಸಬಹುದು.

ಒಂದು ನೋಟ್‌ಬುಕ್ಕಿನಲ್ಲಿ ತಾರೀಕು, ಹೊತ್ತು, ಸ್ಟೀರಾಯ್ಡ್ ಡೋಸ್, ಸಿಡಿ4, ಸಿಡಿ19 ಬರೆದಿಡಿ. ಪಕ್ಕದಲ್ಲಿ ನಾನು ‘ಕೋರಿ ರೊಟ್ಟಿ’ ಅಂತ ಒಂದು ಕಾಲಂ ಹಾಕಿದ್ದೇನೆ. ಒಣ ರೊಟ್ಟಿ ಜಗಿಯಲು ಆಯಿತಾ, ಸಾರಿನಲ್ಲಿ ನೆನೆಸಬೇಕಾಯಿತಾ, ಗಂಜಿಗೇ ಇಳಿದರಾ ಅಂತ. ಡಾಕ್ಟರು ಮೊದಲು ನೋಡುವುದು ಅದನ್ನೇ. ನೀರು ನುಂಗಲು, ಉಸಿರಾಡಲು ಕಷ್ಟ ಆದ ದಿನ ಮಾತ್ರ ಯಾವ ರಿಪೋರ್ಟೂ ಹುಡುಕಬೇಡಿ, ಸೀದಾ ಎಮರ್ಜೆನ್ಸಿಗೆ.