ಸ್ವಂತ ಆರ್ಕೆಸ್ಟ್ರಾ ಕಟ್ಟುವವರಿಗೆ

ಚೆನ್ನಾಗಿ ಹಾಡುವವರು ಎಲ್ಲ ಊರಲ್ಲೂ ಸಿಗುತ್ತಾರೆ. ಹೇಳಿದ ಹೊತ್ತಿಗೆ ಬಂದು ವ್ಯಾನ್ ಹತ್ತುವವರು ಸಿಗುವುದು ಕಷ್ಟ. ತಂಡಕ್ಕೆ ಯಾರನ್ನಾದರೂ ಸೇರಿಸಿಕೊಳ್ಳುವಾಗ ನಾನು ಮೊದಲು ನೋಡುವುದು ಇದನ್ನೇ.

ನಮ್ಮದು ತುಮಕೂರು ಸುತ್ತಮುತ್ತ ಹಾಡುವ ತಂಡ. ಕೀಬೋರ್ಡ್, ರಿದಂ ಪ್ಯಾಡ್, ತಬಲಾ, ಗಿಟಾರ್, ಒಬ್ಬ ಗಾಯಕ. ಗಾಯಕಿ ನಾನೇ, ಓನರ್ ಕೂಡ ನಾನೇ. ಕಮಿಟಿಯವರು ಮಾತಿಗೆ ಬಂದಾಗ "ಓನರ್ ಎಲ್ಲಿ ಮೇಡಂ?" ಅಂತ ನನ್ನನ್ನೇ ಕೇಳುತ್ತಾರೆ. ಅಡ್ವಾನ್ಸ್ ಎಣಿಸಿಕೊಳ್ಳುವಾಗ ಗೊತ್ತಾಗುತ್ತದೆ ಬಿಡಿ.

ಗಣೇಶನ ಹಬ್ಬದಿಂದ ನವೆಂಬರ್ ಕೊನೆಯ ರಾಜ್ಯೋತ್ಸವದವರೆಗೆ ನಮಗೆ ಪುರುಸೊತ್ತಿಲ್ಲ. ಆಮೇಲೆ ಜಾತ್ರೆ, ರಿಸೆಪ್ಷನ್. ಆಷಾಢದಲ್ಲಿ, ಧನುರ್ಮಾಸದಲ್ಲಿ ಮದುವೆ ಇಲ್ಲ. ಕೀಬೋರ್ಡಿನ ಇಎಂಐ ಮಾತ್ರ ಆಷಾಢ ನೋಡುವುದಿಲ್ಲ, ಅಲ್ವಾ? ಹಬ್ಬದ ದುಡ್ಡಿನಲ್ಲೇ ಅದನ್ನು ಎತ್ತಿಡಿ. ಹೊಸ ಹಾಡು ಕೂಡಿಸುವುದನ್ನೂ ಆ ಖಾಲಿ ತಿಂಗಳಲ್ಲೇ ಮುಗಿಸಿ.

ಕಾರ್ಯಕ್ರಮ ಒಪ್ಪಿಕೊಳ್ಳುವಾಗ ಸೌಂಡ್ ಯಾರದು, ಜನರೇಟರ್ ಇದೆಯಾ, ಪೊಲೀಸ್ ಪರ್ಮಿಷನ್ ಯಾರು ತರುತ್ತಾರೆ, ಎಲ್ಲವನ್ನೂ ವಾಟ್ಸಾಪ್‌ನಲ್ಲಿ ಬರೆದು ಕಳಿಸಿ. ಅಡ್ವಾನ್ಸ್ ಬರುವವರೆಗೆ ತಾರೀಖು ಕೊಡಬೇಡಿ. ಶಾಮಿಯಾನದವರೇ ಸೌಂಡ್ ತರುವುದಾದರೆ ಮಾನಿಟರ್, ಅಂದರೆ ಹಾಡುವವರ ಕಡೆ ತಿರುಗಿಸಿಟ್ಟ ಸ್ಪೀಕರ್, ಇದೆಯಾ ಅಂತ ಎರಡು ಸಲ ಕೇಳಿ. ಬರೀ ಭಾಷಣಕ್ಕೆ ಬಾಡಿಗೆ ಕೊಡುವವರು ಮಾನಿಟರ್ ತರುವುದೇ ಇಲ್ಲ. ಅದಿಲ್ಲದಿದ್ದರೆ ನಮ್ಮ ದನಿ ನಮಗೇ ಕೇಳಿಸದೆ ಕಿರುಚುವ ಹಾಗಾಗುತ್ತದೆ. ಜನರೇಟರ್ ಇದ್ದ ಕಡೆಯೂ ನಾವು ಸಣ್ಣ ಯುಪಿಎಸ್ ಒಯ್ಯುತ್ತೇವೆ. ಕರೆಂಟ್ ಒಮ್ಮೆ ಹೋಗಿ ಬಂದರೆ ಸಾಕು, ಕೀಬೋರ್ಡ್ ಆಫ್ ಆಗಿ ಮತ್ತೆ ಶುರುವಿನಿಂದ ಟೋನ್ ಹುಡುಕಬೇಕು.

ಹಾಡು ಬೇರೆಯವರದು ಅನ್ನುವುದನ್ನೂ ಮರೆಯಬೇಡಿ. ಮದುವೆ ಸಮಾರಂಭಗಳಿಗೆ 1957ರ ಕಾಪಿರೈಟ್ ಕಾಯ್ದೆಯಲ್ಲೇ ವಿನಾಯಿತಿ ಇದೆ. ಟಿಕೆಟ್ ಶೋ, ಕಂಪನಿ ಪಾರ್ಟಿ ಆದರೆ ಲೈಸೆನ್ಸ್ ಬೇಕು. ಅದನ್ನು ಆಯೋಜಕರೇ ತರಬೇಕು ಅಂತ ಮೊದಲೇ ಹೇಳಿಬಿಡಿ.

ಇನ್ನು ಹೊತ್ತಿನ ಲೆಕ್ಕ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ, 2000ದ ಶಬ್ದಮಾಲಿನ್ಯ ನಿಯಮ. ಹಬ್ಬಕ್ಕೆಂದು ವರ್ಷದಲ್ಲಿ 15 ದಿನ ಮೀರದಂತೆ 12ರವರೆಗೆ ಸರ್ಕಾರ ಸಡಿಲಿಕೆ ಕೊಡಬಹುದು. ನಿಮ್ಮ ಕಾರ್ಯಕ್ರಮದ ದಿನ ಅದರಲ್ಲಿ ಇದೆಯಾ ಅಂತ ಕಮಿಟಿಯವರಿಂದ ಖಚಿತ ಮಾಡಿಕೊಳ್ಳಿ. 7 ಗಂಟೆಗೆ ಶುರು ಅಂದದ್ದು ಎಂಟಾಗುತ್ತದೆ. ಹಾಡು ಬಿಸಿಯಾಗುವ ಹೊತ್ತಿಗೆ ಶಾಸಕರು ಬರುತ್ತಾರೆ. ಪಲ್ಲವಿ ಅರ್ಧಕ್ಕೆ ನಿಲ್ಲಿಸಿ ಹಾರ, ಶಾಲು, ಭಾಷಣ, ಜೊತೆಗೆ ಬಂದವರಿಗೆಲ್ಲ ಇನ್ನೊಂದು ಸುತ್ತು ಶಾಲು. ಹಾಗಾಗಿ ಒಳ್ಳೆಯ ಹಾಡನ್ನು ಕೊನೆಗೆ ಅಂತ ಬಚ್ಚಿಡಬೇಡಿ. ಒಂಬತ್ತೂವರೆಯೊಳಗೆ ಹಾಡಿ ಮುಗಿಸಿ. ಭಾಷಣದ ಹೊತ್ತಿನಲ್ಲಿ ಸುಮ್ನೆ ಕೂರದೆ ಉಳಿದ ಪಟ್ಟಿಯನ್ನು ಕತ್ತರಿಸಿ.

ಈ ಹಾಡು ಹಾಡಿ ಅಂತ ಜನರಿಂದ ಚೀಟಿಗಳು ಬರುತ್ತಲೇ ಇರುತ್ತವೆ. ಸ್ಟೇಪಲ್ ಹೊಡೆದ ನೂರರ ನೋಟು, ಕೆಳಗೆ ಯಾವುದೋ ಗೆಳೆಯರ ಬಳಗದ ಹತ್ತು ಹೆಸರು. ಹೆಸರನ್ನು ತಪ್ಪದೆ ಓದಿ. ಹಾಡು ಬಿಟ್ಟರೂ ಸುಮ್ಮನಿರುತ್ತಾರೆ, ಹೆಸರು ಬಿಟ್ಟರೆ ವೇದಿಕೆ ಹತ್ತುತ್ತಾರೆ. 2021ರ ಅಕ್ಟೋಬರ್ 29ರಿಂದ ಈಚೆಗೆ ಪುನೀತ್ ಹಾಡಿಲ್ಲದೆ ನಾವು ಯಾವ ರಾಜ್ಯೋತ್ಸವವನ್ನೂ ಮುಗಿಸಿಲ್ಲ. ಜನ ಮೊಬೈಲ್ ಟಾರ್ಚ್ ಹಿಡಿದು ಎದ್ದು ನಿಲ್ಲುತ್ತಾರೆ. ಅದರ ಬೆನ್ನಿಗೇ ಕುಣಿತದ ಹಾಡು ಹಾಕಬೇಡಿ. ಅಣ್ಣಾವ್ರು ಹಾಡಿದ್ದು ಒಂದು ಹಿಡಿಯಿರಿ.

ಎಸ್‌ಪಿಬಿ ಹಾಡನ್ನು ಅವರ ಶ್ರುತಿಯಲ್ಲೇ ಹಾಡುತ್ತೇನೆ ಅಂತ ಹೊಸ ಹುಡುಗರು ಹಟ ಹಿಡಿಯುತ್ತಾರೆ. ದಿನ ಬಿಟ್ಟು ದಿನ ಹಾಡುವ ಗಂಟಲಿಗೆ ಅದು ಆಗದು. ಶ್ರುತಿಯನ್ನು ಒಂದು ಮನೆ, ಅಂದರೆ ಒಂದು ಮೆಟ್ಟಿಲು, ಇಳಿಸಿ, ಯಾರೂ ದೂರುವುದಿಲ್ಲ. ಡ್ಯುಯೆಟ್‌ನಲ್ಲಿ ಗಂಡುದನಿಗೆ ಇಳಿಸಿದರೆ ಹೆಣ್ಣುದನಿ ನೆಲ ಕಚ್ಚುತ್ತದೆ, ಅದನ್ನು ಇಬ್ಬರನ್ನೂ ಕೂರಿಸಿ ರಿಹರ್ಸಲ್‌ನಲ್ಲೇ ತೀರ್ಮಾನ ಮಾಡಿ.

ಬಾಕಿ ದುಡ್ಡು ಕೊನೆಯ ಎರಡು ಹಾಡು ಇರುವಾಗಲೇ ಕೈಗೆ ಬರಬೇಕು. ವಂದನಾರ್ಪಣೆ ಆದ ಮೇಲೆ ಖಜಾಂಚಿಯ ಫೋನ್ ಸ್ವಿಚ್ ಆಫ್. ನಮ್ಮಲ್ಲಿ ಗಿಟಾರಿನವನು ಪ್ಲಗ್ ಸರಿಮಾಡುವ ನೆಪದಲ್ಲಿ ಕೆಳಗಿಳಿದು ಹೋಗಿ ಇಸಿದುಕೊಂಡು ಬರುತ್ತಾನೆ. ಬಂದ ದುಡ್ಡನ್ನು ಅಂದೇ ಹಂಚಿ. ನಾಳೆ ಅಂದರೆ ಒಳ್ಳೆಯ ಪ್ಯಾಡ್ ವಾದಕ ಬೇರೆ ತಂಡಕ್ಕೆ ಹೋಗುತ್ತಾನೆ.

ಡ್ರೈವರ್ ಕಾರ್ಯಕ್ರಮ ನೋಡುತ್ತಾ ನಿಂತಿದ್ದರೆ ಗದರಿಸಿ, ಊಟ ಹಾಕಿಸಿ, ವ್ಯಾನಿನಲ್ಲಿ ಮಲಗಿಸಿ. ರಾತ್ರಿ ಒಂದು ಗಂಟೆಗೆ ಎಲ್ಲರನ್ನೂ ಮನೆ ಸೇರಿಸಬೇಕಾದವನು ಅವನೇ.