“ಇದು ಯಾರ ಬಟ್ಟೆ?” ಅಜ್ಜಿಯ ಕೌದಿಗಳನ್ನು ದಾಖಲಿಸಿದ ನನ್ನ ಅನುಭವ

ಅಜ್ಜಿ ತೀರಿಕೊಂಡ ಮೇಲೆ ಅವರ ಕೌದಿಗಳನ್ನು ಎಲ್ಲರೂ ಒಂದೊಂದು ಹಂಚಿಕೊಳ್ಳೋಣ ಅನ್ನುವ ಮಾತು ಮನೆಯಲ್ಲಿ ಬಂತು. ಹಂಚಿಕೊಳ್ಳುವುದು ಸರಿ. ಆದರೆ ಅದಕ್ಕೂ ಮೊದಲು ಎಲ್ಲ ಕೌದಿಗಳ ಫೋಟೋ ತೆಗೆದು, ಒಂದೊಂದು ತುಂಡಿನ ಕಥೆಯನ್ನೂ ಬರೆದುಕೊಳ್ಳುತ್ತೇನೆ, ಸ್ವಲ್ಪ ಸಮಯ ಕೊಡಿ ಅಂತ ಕೇಳಿಕೊಂಡೆ. ಅಜ್ಜಿ ಡೈರಿ ಬರೆದವರಲ್ಲ. ಹಳೇ ಫೋಟೋಗಳಲ್ಲೂ ಎಲ್ಲೋ ಹಿಂದೆ ಅರ್ಧ ಮುಖ ಕಾಣುತ್ತದೆ, ಅಷ್ಟೇ. ಅವರು ತಮ್ಮ ಕೈಯಿಂದ ಉಳಿಸಿ ಹೋದದ್ದು ಈ ಕೌದಿಗಳು ಮಾತ್ರ.

ಹೀಗೆ ಬರೆದಿಡಬೇಕು ಅಂತ ಗಟ್ಟಿಯಾಗಿ ಅನ್ನಿಸಿದ್ದು ಹ್ಯಾರಿಯೆಟ್ ಪವರ್ಸ್ ಬಗ್ಗೆ ಓದಿದ ಮೇಲೆ. ಅಮೆರಿಕದ ಜಾರ್ಜಿಯಾದಲ್ಲಿ 1837ರಲ್ಲಿ ಗುಲಾಮಗಿರಿಯಲ್ಲೇ ಹುಟ್ಟಿದ ಹೆಣ್ಣುಮಗಳು ಆಕೆ. ಬೈಬಲ್ ಕಥೆಗಳನ್ನು ಬಟ್ಟೆಯ ತುಂಡುಗಳಲ್ಲಿ ಹೊಲಿದು ಒಂದು ಹೊದಿಕೆ ಮಾಡಿದರು. 1886ರ ಒಂದು ಮೇಳದಲ್ಲಿ ಅದನ್ನು ನೋಡಿದ ಜೆನ್ನಿ ಸ್ಮಿತ್ ಎಂಬ ಕಲಾ ಶಿಕ್ಷಕಿ ಕೊಂಡುಕೊಳ್ಳಲು ಕೇಳಿದರೂ ಆಗ ಕೊಡಲಿಲ್ಲ. ಮುಂದೆ ಕಷ್ಟಕ್ಕೆ ಸಿಕ್ಕಿ 5 ಡಾಲರಿಗೆ ಮಾರಬೇಕಾಯಿತು. ಮಾರಿದ ಮೇಲೂ ಅದನ್ನು ನೋಡಿಕೊಂಡು ಹೋಗಲು ಬರುತ್ತಿದ್ದರಂತೆ. ಆದರೆ ಕೊಡುವಾಗ ಪ್ರತಿ ಚೌಕದಲ್ಲೂ ಏನಿದೆ ಅಂತ ಹೇಳಿದರು, ಸ್ಮಿತ್ ಅದನ್ನು ಬರೆದುಕೊಂಡರು. ಇವತ್ತು ಅಮೆರಿಕದ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಲ್ಲಿರುವ ಆ ಹೊದಿಕೆಯ ಮುಂದೆ ನಿಂತವರಿಗೆ ಅದರ ಅರ್ಥ ತಿಳಿಯುವುದು ಆ ಬರಹದಿಂದ. ಬಟ್ಟೆ ಉಳಿದರೆ ಸಾಲದು, ಮಾತೂ ಉಳಿಯಬೇಕು ಅಲ್ವಾ?

ನಾನು ಮಾಡಿದ್ದು ಇಷ್ಟು. ಮೊದಲಿಗೆ ಯಾವುದನ್ನೂ ಒಗೆಯಲಿಲ್ಲ. ಕೌದಿಯನ್ನು ನೆಲದ ಮೇಲೆ ಪೂರ್ತಿ ಹಾಸಿ, ಪಕ್ಕದಲ್ಲಿ ಅಳತೆ ಟೇಪು ಇಟ್ಟು ಮೇಲಿಂದ ಒಂದು ಫೋಟೋ. ಆಮೇಲೆ ದೀಪ ಆರಿಸಿ, ಕಿಟಕಿಯ ಬೆಳಕು ಓರೆಯಾಗಿ ಬೀಳುವಂತೆ ಮಾಡಿ ಹತ್ತಿರದಿಂದ ಇನ್ನಷ್ಟು. ಓರೆ ಬೆಳಕಿನಲ್ಲಿ ಹೊಲಿಗೆಯ ಏರುತಗ್ಗು ಎದ್ದು ಕಾಣುತ್ತದೆ. ಹಿಂಬದಿಯನ್ನು ಮಾತ್ರ ಬಿಡಲೇಬೇಡಿ. ದಾರ ಎಲ್ಲಿ ಮುಗಿಯಿತು, ಹೊಸದು ಎಲ್ಲಿ ಶುರುವಾಯಿತು, ಗಂಟು ಎಲ್ಲಿ ಹಾಕಿದರು, ಎಲ್ಲ ಅಲ್ಲೇ ಇರುತ್ತದೆ.

ಆಮೇಲೆ ಒಂದು ಹಾಳೆಯಲ್ಲಿ ಕೌದಿಯ ನಕ್ಷೆ ಬರೆದು ಪ್ರತಿ ತುಂಡಿಗೂ ಒಂದು ನಂಬರ್ ಕೊಟ್ಟೆ. ಮನೆಯ ಹಿರಿಯರನ್ನು ಕೌದಿಯ ಸುತ್ತ ಕೂರಿಸಿ ಫೋನಿನಲ್ಲಿ ರೆಕಾರ್ಡ್ ಹಾಕಿದೆ. “ಅಜ್ಜಿ ಹೇಗಿದ್ದರು?” ಅಂತ ಕೇಳಿದರೆ “ತುಂಬ ಒಳ್ಳೆಯವರು” ಅಂತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಅದೇ ಒಂದು ತುಂಡಿನ ಮೇಲೆ ಬೆರಳಿಟ್ಟು “ಇದು ಯಾರ ಬಟ್ಟೆ?” ಅಂತ ಕೇಳಿ ನೋಡಿ! ನೀಲಿ ಚುಕ್ಕೆಯ ತುಂಡು ತನ್ನ ಮೊದಲ ಫ್ರಾಕಿನದು ಅಂತ ದೊಡ್ಡಮ್ಮ, ಅದು ಕಿಟಕಿಯ ಪರದೆ ಅಂತ ಮಾವ. ಇಬ್ಬರದ್ದನ್ನೂ ಹೆಸರು ಹಾಕಿ ಬರೆದುಕೊಂಡೆ. ಯಾರದು ಸರಿ ಅಂತ ತೀರ್ಪು ಕೊಡುವ ಕೆಲಸ ನನ್ನದಲ್ಲ. ಆ ವಾದದ ನಡುವೆಯೇ, ಅಜ್ಜಿ ರಾತ್ರಿ ಎಲ್ಲರೂ ಮಲಗಿದ ಮೇಲೆ ಹೊಲಿಯಲು ಕೂರುತ್ತಿದ್ದರು, ಆ ಹೊತ್ತಿನಲ್ಲಿ ಯಾರಾದರೂ ಮಾತಾಡಿಸಿದರೆ ಉತ್ತರವನ್ನೇ ಕೊಡುತ್ತಿರಲಿಲ್ಲ ಅನ್ನುವುದೂ ಹೊರಗೆ ಬಂತು. ನನಗದು ಗೊತ್ತೇ ಇರಲಿಲ್ಲ.

ಕೌದಿಗಳನ್ನು ಹಳೆಯದರಿಂದ ಹೊಸದಕ್ಕೆ ಸಾಲಾಗಿ ಇಟ್ಟಾಗ ಇನ್ನೊಂದು ವಿಷಯ ಕಂಡಿತು. ಮೊದಲಿನವುಗಳಲ್ಲಿ ಕಪ್ಪು ಬಟ್ಟೆಗೆ ಕಪ್ಪು ದಾರ, ಕೆಂಪಿಗೆ ಕೆಂಪು. ಹೊಲಿಗೆ ಅಕ್ಕಿಕಾಳಿನಷ್ಟು ಚಿಕ್ಕದು. ಕೊನೆಯವುಗಳಲ್ಲಿ ಎಲ್ಲ ಬಣ್ಣಕ್ಕೂ ಬಿಳಿ ದಾರವೇ, ಹೊಲಿಗೆಯೂ ಉದ್ದ. ಕಣ್ಣು ಮಂಜಾಗುತ್ತಾ ಬಂದ ಹಾಗೆ ತಮಗೆ ಕಾಣುವ ದಾರವನ್ನು ಆರಿಸಿಕೊಂಡಿರಬೇಕು. ಆದರೂ ಸಾಲು ಮಾತ್ರ ಎಲ್ಲೂ ತಪ್ಪಿಲ್ಲ. ಒಂದರ ಮೂಲೆ ಹರಿದಿತ್ತು, ಇಣುಕಿ ನೋಡಿದರೆ ಒಳಗೆ ಹತ್ತಿಯ ಬದಲು ಇನ್ನೊಂದು ಹಳೇ ಕೌದಿ! ಸವೆದದ್ದನ್ನೇ ಒಳಗಿಟ್ಟು ಮೇಲೆ ಹೊಸ ಬಟ್ಟೆ ಹೊದಿಸಿದ್ದರು. ಆ ಮೂಲೆಯನ್ನು ನಾನು ಮುಚ್ಚಿಲ್ಲ. ಹರಿದದ್ದು ಮುಂದೆ ಹೋಗದಂತೆ ಸುತ್ತ ಸಡಿಲವಾಗಿ ಒಂದು ಹೊಲಿಗೆ ಹಾಕಿದ್ದೇನೆ ಅಷ್ಟೇ.

ಎತ್ತಿಡುವ ವಿಚಾರ. ಒಗೆಯುವ ಮುನ್ನ ಒದ್ದೆ ಮಾಡಿದ ಬಿಳಿ ಬಟ್ಟೆಯನ್ನು ಪ್ರತಿ ಬಣ್ಣದ ಮೇಲೂ ಒತ್ತಿ ನೋಡಿ. ಒಂದೇ ಒಂದು ಬಣ್ಣ ಅಂಟಿದರೂ ನೀರಿಗೆ ಹಾಕಬೇಡಿ. ಪ್ಲಾಸ್ಟಿಕ್ ಚೀಲ ಬೇಡ, ತೇವ ಒಳಗೇ ಉಳಿದು ಬೂಷ್ಟು ಬರುತ್ತದೆ. ಒಗೆದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಆಗಾಗ ಬಿಚ್ಚಿ ಬೇರೆ ಕಡೆ ಮಡಚಿ, ಇಲ್ಲದಿದ್ದರೆ ಮಡಿಕೆ ಬಿದ್ದ ಗೆರೆಯಲ್ಲೇ ದಾರ ಸವೆದು ಸೀಳುತ್ತದೆ. ಬಿಸಿಲಿಗೆ ಮಾಸಿದ ಬಣ್ಣ ವಾಪಸ್ ಬರುವುದಿಲ್ಲ, ಹಾಗಾಗಿ ಕಿಟಕಿ ಪಕ್ಕದ ಗೋಡೆಗೆ ನೇತುಹಾಕುವುದಂತೂ ಬೇಡವೇ ಬೇಡ. ಪ್ರತಿ ಕೌದಿಯ ಹಿಂದೆ ಹತ್ತಿ ಪಟ್ಟಿಯ ಮೇಲೆ ಅಜ್ಜಿಯ ಹೆಸರು, ಆ ಕೌದಿಗೆ ನಾವು ಕೊಟ್ಟ ನಂಬರ್ ಬರೆದು ಕೈಯಲ್ಲೇ ಹೊಲಿದೆ. ಅಂಟು ಬಳಸಲಿಲ್ಲ. ನಕ್ಷೆ, ಬರಹ, ರೆಕಾರ್ಡಿಂಗ್‌ಗಳ ಪ್ರತಿ ಈಗ ಎಲ್ಲರ ಮನೆಯಲ್ಲೂ ಇದೆ.

ಹಂಚಿಕೊಂಡವರು ಹೊದ್ದುಕೊಳ್ಳುತ್ತಿದ್ದಾರೆ. ಅದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಅಜ್ಜಿ ಹೊಲಿದದ್ದೇ ಅದಕ್ಕೆ. ತೀರಾ ಸವೆದಿರುವುದನ್ನು ಮಾತ್ರ ಎತ್ತಿಟ್ಟಿದ್ದೇವೆ. ಅರ್ಧಕ್ಕೆ ನಿಂತ ಒಂದು ಕೌದಿಯ ಬಗ್ಗೆ ಇನ್ನೂ ತೀರ್ಮಾನ ಆಗಿಲ್ಲ. ಹಾಗೇ ಇರಲಿ ಅಂತಾರೆ ದೊಡ್ಡಮ್ಮ. ಪೂರ್ತಿ ಮಾಡೋಣ, ಆದರೆ ಅವರ ಕೈ ಎಲ್ಲಿಗೆ ನಿಂತಿತು ಅನ್ನುವುದು ಗೊತ್ತಾಗಲಿ ಅಂತ ಬೇರೆ ಬಣ್ಣದ ದಾರ ಹಾಕೋಣ ಅನ್ನುವುದು ನನ್ನ ವಾದ.