ಅಮೆರಿಕದಲ್ಲಿ ಮಗುವಿಗೆ ದೊಡ್ಡ ಪೆಟ್ಟಾದರೆ: ಟ್ರಾಮಾ ಸೆಂಟರ್ ನಡೆಯುವ ಬಗೆ

ಮಗು ಮಹಡಿ ಕಿಟಕಿಯಿಂದ ಬಿದ್ದರೆ, ಸೈಕಲ್‌ನಲ್ಲಿದ್ದ ಮಗನಿಗೆ ಕಾರು ಗುದ್ದಿದರೆ ನಮ್ಮವರ ಕೈ ಮೊದಲು ಹೋಗುವುದು ಕಾರಿನ ಕೀಲಿಗೆ. ಎತ್ತಿಕೊಂಡು ಹತ್ತಿರದ ಆಸ್ಪತ್ರೆಗೆ ಓಡುವುದು ಊರಿನ ರೂಢಿ. ಇಲ್ಲಿ ಅದನ್ನು ಬಿಟ್ಟು ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ. ಹತ್ತಿರದ ಆಸ್ಪತ್ರೆಯೇ ಸರಿಯಾದ ಆಸ್ಪತ್ರೆ ಎಂದೇನಿಲ್ಲ. ಗಾಯಾಳುಗಳ ಆಸ್ಪತ್ರೆಗಳಿಗೆ, ಅಂದರೆ ಟ್ರಾಮಾ ಸೆಂಟರ್‌ಗಳಿಗೆ, ಇಲ್ಲಿ ದರ್ಜೆಗಳಿವೆ. ಮಕ್ಕಳಿಗೆಂದೇ ಪೀಡಿಯಾಟ್ರಿಕ್ ಲೆವೆಲ್ 1 ಮತ್ತು 2 ಇವೆ, 1 ಮೇಲಿನ ದರ್ಜೆ. ಸರ್ಜನ್‌ಗಳ ಸಂಘವಾದ ಅಮೆರಿಕನ್ ಕಾಲೇಜ್ ಆಫ್ ಸರ್ಜನ್ಸ್ ಮಾನದಂಡದಂತೆ, ಅತಿ ಗಂಭೀರ ಪ್ರಕರಣದಲ್ಲಿ ಮಗು ಬಂದ 15 ನಿಮಿಷದೊಳಗೆ ಸರ್ಜನ್ ಅಲ್ಲಿರಬೇಕು. ಯಾವ ಮಗು ಎಲ್ಲಿಗೆ ಹೋಗಬೇಕೆಂದು ನಿರ್ಧರಿಸುವುದು ಆಂಬುಲೆನ್ಸ್‌ನ ಪ್ಯಾರಾಮೆಡಿಕ್. ಅವರ ಕೈಯಲ್ಲಿ ನಿಯಮಾವಳಿ ಇರುತ್ತದೆ: 10 ಅಡಿಗಿಂತ ಮೇಲಿನಿಂದ ಬಿದ್ದದ್ದು ಅದರಲ್ಲೊಂದು ಎಚ್ಚರಿಕೆಯ ಗೆರೆ. ನೀವೇ ಸಣ್ಣ ಆಸ್ಪತ್ರೆಗೆ ಒಯ್ದರೆ ಅಲ್ಲಿಂದ ಮತ್ತೆ ವರ್ಗಾಯಿಸಬೇಕಾಗಿ, ಗಂಟೆಗಳೇ ಕಳೆದುಹೋಗಬಹುದು.

ಫೋನಿನಲ್ಲಿ ಮೊದಲು ವಿಳಾಸ, ಆಮೇಲೆ ವಯಸ್ಸು, ಆಮೇಲೆ ಆದದ್ದು. ಮನೆಯಲ್ಲಿ ಅಜ್ಜ ಅಜ್ಜಿ ಮಾತ್ರ ಮಗುವಿನೊಂದಿಗೆ ಇರುವುದಾದರೆ ವಿಳಾಸವನ್ನು ದೊಡ್ಡಕ್ಷರದಲ್ಲಿ ಬರೆದು ಫ್ರಿಜ್‌ಗೆ ಅಂಟಿಸಿ. ದುಭಾಷಿ ಬೇಕಾದರೆ ‘ಕನ್ನಡ, ಇಂಡಿಯಾ’ ಎಂದು ಹೇಳಲು ಕಲಿಸಿ. ಬರೀ ‘ಕನ್ನಡ’ ಎಂದರೆ ಅವರ ಕಿವಿಗೆ ಕೆನಡಾ ಎಂದು ಬೀಳಬಹುದು. ಆಂಬುಲೆನ್ಸ್ ಬರುವವರೆಗೆ ಮಗುವನ್ನು ಎತ್ತಿ ಕೂರಿಸಬೇಡಿ, ಕತ್ತು ಅಲುಗಿಸಬೇಡಿ. ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಅರಿಸಿನ, ಕಾಫಿಪುಡಿ ಹಚ್ಚಬೇಡಿ. ಒಂದು ಗುಟುಕು ನೀರನ್ನೂ ಕೊಡಬೇಡಿ. ಅರಿವಳಿಕೆ ಕೊಡಬೇಕಾಗಿ ಬಂದರೆ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ.

ಟ್ರಾಮಾ ಕೋಣೆಯಲ್ಲಿ ಕಾಣುವುದು ಗಾಬರಿ ಹುಟ್ಟಿಸುತ್ತದೆ, ಮೊದಲೇ ತಿಳಿದಿರಲಿ. ಮಗುವಿನ ಸುತ್ತ ಹತ್ತಾರು ಜನ. ದೊಡ್ಡ ಕತ್ತರಿಯಿಂದ ಬಟ್ಟೆಯನ್ನೆಲ್ಲ ಕತ್ತರಿಸುತ್ತಾರೆ: ಬೆನ್ನು, ಕಂಕುಳಲ್ಲಿ ಅಡಗಿದ ಗಾಯ ತಪ್ಪಿಹೋಗಬಾರದೆಂದು. ಕೂಡಲೇ ಬೆಚ್ಚನೆ ಹೊದಿಕೆ ಹೊದಿಸುತ್ತಾರೆ, ಮಕ್ಕಳ ಮೈ ಬೇಗ ತಣ್ಣಗಾಗುತ್ತದೆ. ಉಸಿರಿನ ದಾರಿ, ಉಸಿರಾಟ, ರಕ್ತಸಂಚಾರ, ಪ್ರಜ್ಞೆ, ಆಮೇಲೆ ಇಡೀ ಮೈ. ತಪಾಸಣೆ ಸಾಮಾನ್ಯವಾಗಿ ಈ ಕ್ರಮದಲ್ಲೇ ನಡೆಯುತ್ತದೆ. ತೂಕ ಗೊತ್ತಿಲ್ಲದ ಚಿಕ್ಕ ಮಗುವಿನ ಪಕ್ಕ ಬಣ್ಣಬಣ್ಣದ ಪಟ್ಟೆಗಳಿರುವ ಬ್ರೋಸ್ಲೋ ಟೇಪ್ ಚಾಚುತ್ತಾರೆ. ತಲೆಯಿಂದ ಹಿಮ್ಮಡಿವರೆಗಿನ ಉದ್ದ ಯಾವ ಬಣ್ಣಕ್ಕೆ ಮುಟ್ಟುತ್ತದೋ ಅದರ ಮೇಲೆ ಔಷಧದ ಪ್ರಮಾಣ ನಿಲ್ಲುತ್ತದೆ. ನಿಮಗೆ ತೂಕ ಗೊತ್ತಿದ್ದರೆ ಕಿಲೋ ಅಥವಾ ಪೌಂಡ್ ಎಂದು ಸೇರಿಸಿಯೇ ಹೇಳಿ. 20 ಪೌಂಡಿನ ಮಗುವನ್ನು 20 ಕಿಲೋ ಎಂದುಕೊಂಡರೆ ಔಷಧ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ.

ತಲೆಗೆ ಪೆಟ್ಟಾಗಿದ್ದರೂ ಸಿ.ಟಿ. ಸ್ಕ್ಯಾನ್ ಮಾಡದೆ ಕೆಲವು ಗಂಟೆ ಗಮನಿಸೋಣ ಎಂದರೆ ಅದು ಅಸಡ್ಡೆಯಲ್ಲ. ಅಪಾಯ ಕಡಿಮೆಯಿರುವ ಮಕ್ಕಳನ್ನು ವಿಕಿರಣದಿಂದ ದೂರವಿಡುವ ಪರೀಕ್ಷಿತ ನಿಯಮ 2009ರಿಂದ ಇದೆ. ಗುಲ್ಮಕ್ಕೆ (ಸ್ಪ್ಲೀನ್) ಗಾಯವಾದ ಬಹುತೇಕ ಮಕ್ಕಳಿಗೂ ಆಪರೇಷನ್ ಬೇಕಾಗುವುದಿಲ್ಲ.

ನಮ್ಮವರಿಗೆ ಹೆಚ್ಚು ನೋವಾಗುವುದು ಪ್ರಶ್ನೆಗಳಿಂದ. ಹೇಗೆ ಬಿತ್ತು, ಆಗ ಯಾರಿದ್ದರು ಎಂದು ವೈದ್ಯರು, ನರ್ಸ್, ಸೋಶಿಯಲ್ ವರ್ಕರ್ ಬೇರೆಬೇರೆಯಾಗಿ ಕೇಳುತ್ತಾರೆ. ಹಿಂಸೆಯ ಅನುಮಾನ ಬಂದರೆ ವರದಿ ಮಾಡುವುದು ಎಲ್ಲ 50 ರಾಜ್ಯಗಳಲ್ಲೂ ವೈದ್ಯರಿಗೆ ಕಾನೂನಿನ ಕಡ್ಡಾಯ. ಯಾರೂ ನೋಡಿಲ್ಲವಾದರೆ ಯಾರೂ ನೋಡಿಲ್ಲ ಎಂದೇ ಹೇಳಿ. ಅಜ್ಜಿಯ ಮೇಲೆ ಮಾತು ಬಾರದಿರಲೆಂದು ಕಥೆ ತಿದ್ದಿದರೆ ಹೇಳಿಕೆಗಳು ತಾಳೆಯಾಗದೆ ಅನುಮಾನ ಅಲ್ಲೇ ಹುಟ್ಟುತ್ತದೆ. ನಮ್ಮ ಎಷ್ಟೋ ಕೂಸುಗಳಿಗೆ ಹುಟ್ಟಿನಿಂದಲೇ ಸೊಂಟದ ಬಳಿ ನೀಲಿ ಮಚ್ಚೆ ಇರುತ್ತದೆ, ನೋಡಿದರೆ ಪೆಟ್ಟಿನ ಕಲೆಯಂತೆಯೇ ಇರುತ್ತದೆ. ಮಕ್ಕಳ ವೈದ್ಯರ ಮೊದಲ ಭೇಟಿಯಲ್ಲೇ ಅದನ್ನು ದಾಖಲೆಗೆ ಬರೆಸಿಡಿ. ಹದಿಹರೆಯದವರಾದರೆ ನಿಮ್ಮನ್ನು ಹೊರಗೆ ಕಳಿಸಿ ಮದ್ಯ, ಮಾದಕವಸ್ತುಗಳ ಬಗ್ಗೆ ಕೇಳುತ್ತಾರೆ. ಕಳಿಸಲಿ, ಬಿಡಿ. ನಿಮ್ಮೆದುರು ಹೇಳದ್ದನ್ನು ಮಗ ಅವರಿಗೆ ಹೇಳಿದರೆ ಅರಿವಳಿಕೆ ಕೊಡುವವರಿಗೆ ಅದು ಬೇಕಾದ ಮಾಹಿತಿ.

ಹಣದ ವಿಷಯ. ಇನ್ಶೂರೆನ್ಸ್ ಇಲ್ಲವೆಂದು ತುರ್ತು ವಿಭಾಗ ಮಗುವನ್ನು ತಪಾಸಣೆ ಮಾಡದೆ ಹಿಂದೆ ಕಳಿಸುವಂತಿಲ್ಲ. 1986ರ ಕಾನೂನು ಅದು. ಬಿಲ್ಲಿನಲ್ಲಿ ‘ಟ್ರಾಮಾ ಆ್ಯಕ್ಟಿವೇಶನ್’ ಎಂಬ ಪ್ರತ್ಯೇಕ ಶುಲ್ಕ ಇರಬಹುದು, ತಂಡವನ್ನು ಕರೆಸಿದ್ದಕ್ಕೆ. 2022ರ ಜನವರಿಯಿಂದ ಜಾರಿಯಲ್ಲಿರುವ ನೋ ಸರ್ಪ್ರೈಸಸ್ ಆ್ಯಕ್ಟ್, ಇನ್ಶೂರೆನ್ಸ್ ಜಾಲದ ಹೊರಗಿನ ತುರ್ತು ಚಿಕಿತ್ಸೆಗೂ ಹೆಲಿಕಾಪ್ಟರ್‌ಗೂ ಅನಿರೀಕ್ಷಿತ ಹೆಚ್ಚುವರಿ ಬಿಲ್ಲಿನಿಂದ ರಕ್ಷಣೆ ಕೊಡುತ್ತದೆ. ರಸ್ತೆ ಆಂಬುಲೆನ್ಸ್‌ಗೆ ಕೊಡುವುದಿಲ್ಲ. ಒಂದೊಂದು ಖರ್ಚನ್ನೂ ಬಿಡಿಸಿ ತೋರಿಸುವ ಐಟಮೈಸ್ಡ್ ಬಿಲ್ ಕೇಳಿ ಪಡೆಯಿರಿ. ಲಾಭರಹಿತ ಆಸ್ಪತ್ರೆಯಾದರೆ ಆರ್ಥಿಕ ನೆರವಿನ ಅರ್ಜಿಯನ್ನೂ ಕೇಳಿ, ಅಂಥ ನೀತಿ ಇಟ್ಟುಕೊಳ್ಳುವುದು ಅವರಿಗೆ ಕಡ್ಡಾಯ.

ಮನೆಗೆ ಹೊರಡುವಾಗ ಡಿಸ್‌ಚಾರ್ಜ್ ಸಾರಾಂಶ, ಸ್ಕ್ಯಾನ್‌ಗಳ ಪ್ರತಿ, ಶಾಲೆಗೆ ಕೊಡುವ ಪತ್ರ ಕೈಯಲ್ಲಿರಲಿ. ಕನ್ಕಷನ್ (ತಲೆಪೆಟ್ಟಿನಿಂದ ಮಿದುಳಿಗಾಗುವ ಗಾಸಿ) ಆಗಿದ್ದರೆ ಮಗು ಆಟಕ್ಕೆ ಮರಳುವುದು ಹಂತಹಂತವಾಗಿ. ವೈದ್ಯರ ಒಪ್ಪಿಗೆಯಿಲ್ಲದೆ ಕೋಚ್ ಕರೆದರೂ ಕಳಿಸಬೇಡಿ. ಕಾರು ಅಪಘಾತವಾಗಿದ್ದರೆ ಹಳೆಯ ಕಾರ್ ಸೀಟಿನಲ್ಲೇ ಮಗುವನ್ನು ಮನೆಗೆ ಕರೆದೊಯ್ಯಬೇಡಿ. ಜೋರಾದ ಡಿಕ್ಕಿಯಲ್ಲಿದ್ದ ಸೀಟು ಹೊರಗೆ ಚೆನ್ನಾಗಿ ಕಂಡರೂ ಬದಲಾಯಿಸಬೇಕು. ಹೊಸದು ಕೈಗೆ ಸಿಗುವತನಕ ಏನು ಮಾಡುವುದೆಂದು ವಾರ್ಡಿನ ಸೋಶಿಯಲ್ ವರ್ಕರ್‌ರನ್ನು ಹಿಂದಿನ ದಿನವೇ ಕೇಳಿ.